ಲೋಟಸ್ ಕಾರ್ಲ್ಟನ್‌ನ 5.2 ಸೆಕೆಂಡ್ ಈಗಲೂ ದೊಡ್ಡ ಮಾತೇ?

ಪ್ರಶ್ನೆ: 1990ರ ಲೋಟಸ್ ಕಾರ್ಲ್ಟನ್ ಬಗ್ಗೆ ಕಾರು ಪ್ರಿಯರು ಇವತ್ತಿಗೂ ಹೇಳಿಕೊಂಡು ಮುಗಿಸುವುದಿಲ್ಲ. ಆದರೆ ಅದು ಸೊನ್ನೆಯಿಂದ ನೂರಕ್ಕೆ ಹೋಗಲು ಐದು ಸೆಕೆಂಡಿಗಿಂತ ಜಾಸ್ತಿ ಬೇಕು. ಈಗ ನಮ್ಮಲ್ಲೇ ಸಿಗುವ ಎಲೆಕ್ಟ್ರಿಕ್ ಸೆಡಾನ್ ನಾಲ್ಕು ಸೆಕೆಂಡಿನೊಳಗೆ ಆ ಕೆಲಸ ಮುಗಿಸುತ್ತದೆ. ಹಾಗಿದ್ದರೆ ಆ ಹಳೇ ಟರ್ಬೊ ಕಾರಿನ ಅಂಕಿಗಳಲ್ಲಿ ಅಂಥ ವಿಶೇಷವೇನು?

ಉತ್ತರ: ನೀವು ನೋಡಿದ ಅಂಕಿ ಸರಿ. ಆದರೆ ಈ ಕಾರಿನ ಮಟ್ಟಿಗೆ ಅದೇ ಅತಿ ಕಡಿಮೆ ಹೇಳುವ ಅಂಕಿ. ಅಸಲಿ ವಿಷಯ ಶುರುವಾಗುವುದೇ ನೂರು ದಾಟಿದ ಮೇಲೆ.

ಮೊದಲು ಕಾರು ಯಾವುದು ಅಂತ ಹೇಳಿಬಿಡುತ್ತೇನೆ. ಜರ್ಮನಿಯ ಓಪೆಲ್ ಒಮೆಗಾ ಎಂಬ ಸೆಡಾನ್ ಬ್ರಿಟನ್ನಿನಲ್ಲಿ ವಾಕ್ಸ್‌ಹಾಲ್ ಕಾರ್ಲ್ಟನ್ ಹೆಸರಲ್ಲಿ ಮಾರಾಟವಾಗುತ್ತಿತ್ತು. ವಾಕ್ಸ್‌ಹಾಲ್ ನಮಗೂ ತೀರಾ ದೂರದ್ದಲ್ಲ. ನಮ್ಮ ರಸ್ತೆಗಳಲ್ಲಿ ಓಡಾಡಿದ ಕಾಂಟೆಸಾ ಹುಟ್ಟಿದ್ದು ಅವರದೇ ಹಳೆಯ ಮಾದರಿಯಿಂದ. ಓಪೆಲ್ ಮತ್ತು ವಾಕ್ಸ್‌ಹಾಲ್ ಎರಡೂ ಆಗ ಜನರಲ್ ಮೋಟಾರ್ಸ್ ಕೈಯಲ್ಲಿದ್ದವು, ಬ್ರಿಟನ್ನಿನ ಸ್ಪೋರ್ಟ್ಸ್ ಕಾರು ಕಂಪನಿ ಲೋಟಸ್ ಕೂಡ. ಹಾಗಾಗಿ ಜರ್ಮನಿಯಲ್ಲಿ ತಯಾರಾದ ಕಾರುಗಳು ಇಂಗ್ಲೆಂಡಿನ ನಾರ್ಫೋಕ್‌ನ ಹೆಥೆಲ್‌ಗೆ ಬರುತ್ತಿದ್ದವು. ಅಲ್ಲಿ ಲೋಟಸ್‌ನವರು ಅವನ್ನು ಬಿಚ್ಚಿ, ಎಂಜಿನ್ನಿನಿಂದ ಬ್ರೇಕಿನವರೆಗೆ ಬದಲಾಯಿಸಿ ಮತ್ತೆ ಜೋಡಿಸುತ್ತಿದ್ದರು.

ಎಂಜಿನ್ನಿಗೆ ಅವರು ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೂಲ ಎಂಜಿನ್ 3 ಲೀಟರಿನದು, ಸಾಲಾಗಿ ಆರು ಸಿಲಿಂಡರ್, 24 ವಾಲ್ವ್, 204 ಪಿಎಸ್ (ಯುರೋಪಿನ ಅಶ್ವಶಕ್ತಿ ಲೆಕ್ಕ) ಶಕ್ತಿ. ಲೋಟಸ್‌ನವರು ಸಿಲಿಂಡರಿನ ಅಗಲವನ್ನು 95 ಮಿ.ಮೀ. ಇದ್ದಂತೆಯೇ ಬಿಟ್ಟರು. ಪಿಸ್ಟನ್ ಓಡುವ ದೂರವನ್ನು ಮಾತ್ರ 69.8ರಿಂದ 85 ಮಿ.ಮೀ.ಗೆ ಹೆಚ್ಚಿಸಿದರು. ಅಷ್ಟಕ್ಕೇ ಎಂಜಿನ್ 3,615 ಸಿಸಿ ಆಯಿತು. ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್ನಿನೊಳಗೆ ಹೆಚ್ಚು ಗಾಳಿ ತಳ್ಳುವ ಚಕ್ರ. ಅದು ತಳ್ಳುವ ಗಾಳಿಯ ಒತ್ತಡ ತಡೆಯಲೆಂದು ಕಂಪ್ರೆಶನ್ ಅನುಪಾತವನ್ನು, ಅಂದರೆ ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದನ್ನು, 8.2ಕ್ಕೆ ಇಳಿಸಿದರು. ಆಮೇಲೆ ಎರಡು ಗ್ಯಾರೆಟ್ ಟಿ25 ಟರ್ಬೊ ಕೂರಿಸಿದರು, ಮೂರು ಸಿಲಿಂಡರಿಗೆ ಒಂದರಂತೆ.

ಒಂದೇ ದೊಡ್ಡ ಟರ್ಬೊ ಹಾಕಬಹುದಿತ್ತು ಅಲ್ವಾ? ಹಾಕಬಹುದಿತ್ತು. ಆದರೆ ದೊಡ್ಡ ಟರ್ಬೊದ ಚಕ್ರ ಭಾರ. ಹೊಗೆಯ ರಭಸಕ್ಕೆ ಅದು ತಿರುಗಿ ವೇಗ ಹಿಡಿಯಲು ಹೊತ್ತು ಬೇಕು. ಆಕ್ಸಿಲರೇಟರ್ ಒತ್ತಿದ ಮೇಲೆ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಕಾರು ನುಗ್ಗುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಎಷ್ಟೋ ಟರ್ಬೊ ಕಾರುಗಳಿಗೆ ಈ ತೊಂದರೆ ಇತ್ತು. ಚಿಕ್ಕ ಟರ್ಬೊ ಬೇಗ ಎಚ್ಚರವಾಗುತ್ತದೆ. ಕಾರ್ಲ್ಟನ್‌ನಲ್ಲಿ ಗಾಳಿಯ ಒತ್ತಡವೂ ಅತಿಯಾಗಿರಲಿಲ್ಲ, ಹೆಚ್ಚೆಂದರೆ 0.7 ಬಾರ್.

ಫಲಿತಾಂಶ: 5,200 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 377 ಬಿಎಚ್‌ಪಿ, ಅಂದರೆ ಬ್ರಿಟಿಷ್ ಲೆಕ್ಕದ ಅಶ್ವಶಕ್ತಿ. ಕೆಲವು ಕಡೆ 382 ಅಂತ ಓದಿರುತ್ತೀರಿ, ಅದು ಪಿಎಸ್ ಲೆಕ್ಕ. ಎರಡೂ ಒಂದೇ ಶಕ್ತಿ, 281 ಕಿಲೋವ್ಯಾಟ್. ಆದರೆ ನಾನು ಗುರುತು ಹಾಕಿಕೊಳ್ಳುವುದು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲದ ಅಂಕಿಯನ್ನು. 4,200 ಆರ್‌ಪಿಎಂನಲ್ಲಿ 568 ನ್ಯೂಟನ್ ಮೀಟರ್. ಅದಕ್ಕಿಂತ ಮುಖ್ಯವಾಗಿ, 2,000 ಆರ್‌ಪಿಎಂ ಹೊತ್ತಿಗೇ ಸುಮಾರು 475 ಸಿಗುತ್ತಿತ್ತು. ಎಂಜಿನ್ ಇನ್ನೂ ಆರಾಮಾಗಿ ತಿರುಗುತ್ತಿರುವಾಗಲೇ ಅಷ್ಟು ಎಳೆತ! ಟರ್ಬೊ ಜಾಣತನದಿಂದ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಆ ಕಾಲದಲ್ಲಿ ನನಗೆ ಕಾಣುವುದಿಲ್ಲ.

ಈಗ ನಿಮ್ಮ 5.2 ಸೆಕೆಂಡಿಗೆ ಬರೋಣ. ಅದು ಬ್ರಿಟಿಷ್ ಲೆಕ್ಕ, ಗಂಟೆಗೆ 60 ಮೈಲಿಯವರೆಗೆ. ಅಂದರೆ 96.6 ಕಿ.ಮೀ. ಪೂರ್ತಿ ನೂರಕ್ಕೆ ಇನ್ನೂ ಚೂರು ಹೊತ್ತು ಬೇಕು. ಬೇರೆ ಬೇರೆ ದೇಶದ ಅಂಕಿಗಳನ್ನು ಪಕ್ಕಪಕ್ಕ ಇಡುವಾಗ ಇದು ನೆನಪಿರಲಿ. ಇನ್ನು, ನಿಂತಲ್ಲಿಂದ ಹೊರಡುವಾಗ ಅಡ್ಡಿ ಮಾಡುವುದು ಶಕ್ತಿಯ ಕೊರತೆ ಅಲ್ಲ, ಟೈರಿನ ಹಿಡಿತ. ಅಷ್ಟೂ ಟಾರ್ಕ್ ಹಿಂದಿನ ಎರಡು ಚಕ್ರಗಳಿಗೇ ಹೋಗುತ್ತದೆ. 265 ಮಿ.ಮೀ. ಅಗಲದ ಟೈರ್ ಇದ್ದರೂ ಜೋರಾಗಿ ಒತ್ತಿದರೆ ಚಕ್ರ ಸುಮ್ನೆ ಜಾರುತ್ತದೆ. ಮೇಲಾಗಿ 60 ಮೈಲಿ ಮುಟ್ಟುವ ಮುಂಚೆ ಒಮ್ಮೆ ಕ್ಲಚ್ ತುಳಿದು ಗೇರು ಬದಲಿಸಬೇಕು. ಎಲೆಕ್ಟ್ರಿಕ್ ಕಾರಿಗೆ ಈ ಯಾವ ತಾಪತ್ರಯವೂ ಇಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಮಾದರಿಯಾದರೆ ಹಿಡಿತದ ಚಿಂತೆಯೂ ಕಡಿಮೆ.

ಆದರೆ ಮುಂದಿನ ಅಂಕಿ ನೋಡಿ. ಗಂಟೆಗೆ 100 ಮೈಲಿ, ಅಂದರೆ 161 ಕಿ.ಮೀ. ಮುಟ್ಟಲು ಸುಮಾರು 11 ಸೆಕೆಂಡ್. ಸೊನ್ನೆಯಿಂದ 100 ಮೈಲಿಗೆ ಹೋಗಿ ಮತ್ತೆ ಬ್ರೇಕ್ ಹಾಕಿ ಪೂರ್ತಿ ನಿಲ್ಲಲು 17 ಸೆಕೆಂಡಿಗಿಂತ ಕಡಿಮೆ. ಕಾರಿನ ತೂಕ ಸುಮಾರು 1,655 ಕೆ.ಜಿ. ಅಂತ ನೆನೆಸಿಕೊಂಡರೆ ಆ ಬ್ರೇಕುಗಳಿಗೂ ಕೈಮುಗಿಯಬೇಕು. ಮುಂದಿನ ಬ್ರೇಕ್ ಡಿಸ್ಕುಗಳೇ 330 ಮಿ.ಮೀ. ಇದ್ದವು.

ಗರಿಷ್ಠ ವೇಗ ಗಂಟೆಗೆ ಸುಮಾರು 283 ಕಿ.ಮೀ. ಇದು ಉತ್ಪ್ರೇಕ್ಷೆ ಇರಬಹುದೇ ಅಂತ ಕೆಲವರಿಗೆ ಅನುಮಾನ. ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಹೆಚ್ಚು ವೇಗದಲ್ಲಿ ಎಂಜಿನ್ನಿನ ಶಕ್ತಿಯೆಲ್ಲ ಹೆಚ್ಚುಕಡಿಮೆ ಗಾಳಿಯನ್ನು ಸೀಳುವುದಕ್ಕೇ ಖರ್ಚು. ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಎಂಟು ಪಟ್ಟು. ಮೂಲ ಒಮೆಗಾ 204 ಪಿಎಸ್‌ನಲ್ಲಿ 240 ಕಿ.ಮೀ. ಓಡುತ್ತಿತ್ತು. ಶಕ್ತಿ 382ಕ್ಕೆ ಏರಿದರೆ ವೇಗ ಸುಮಾರು 23 ಶೇಕಡಾ ಏರಬೇಕು. ಅಂದರೆ 295ರ ಆಸುಪಾಸು. ಆದರೆ ಲೋಟಸ್ ಕಾರಿಗೆ ಅಗಲ ಟೈರು, ಉಬ್ಬಿದ ಮಡ್ಗಾರ್ಡು, ಹಿಂದೆ ರೆಕ್ಕೆ ಎಲ್ಲ ಬಂದು ಗಾಳಿಯ ಅಡ್ಡಿ ಹೆಚ್ಚಿತು. ಅದನ್ನು ಕಳೆದರೆ 283 ಸರಿಯಾಗಿ ಕೂರುತ್ತದೆ. ಈ ವೇಗ ಮುಟ್ಟುತ್ತಿದ್ದುದು ಐದನೇ ಗೇರಿನಲ್ಲಿ. ಆರನೆಯದು ಹೆದ್ದಾರಿಯ ಆರಾಮಕ್ಕೆ ಮಾತ್ರ. ಅದರಲ್ಲಿ 120 ಕಿ.ಮೀ. ಹೋಗುವಾಗ ಎಂಜಿನ್ ಸುಮಾರು 1,700 ಆರ್‌ಪಿಎಂನಲ್ಲಿ ಇರುತ್ತಿತ್ತು. ಆ ಗೇರ್‌ಬಾಕ್ಸ್ ಷೆವರ್ಲೆ ಕಾರ್ವೆಟ್ ಝಡ್‌ಆರ್-1ರಿಂದ ತಂದಿದ್ದು.

ಆ ಕಾಲದ ಪಕ್ಕದ ಕಾರುಗಳನ್ನೂ ನೋಡಬೇಕು. ಅದೇ ಹೊತ್ತಿನ ಬಿಎಂಡಬ್ಲ್ಯು ಎಂ5 315 ಪಿಎಸ್‌ನದು. ಜರ್ಮನ್ ಕಂಪನಿಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದದಂತೆ ಅದನ್ನು 250 ಕಿ.ಮೀ.ಗೆ ಕಟ್ಟಿಹಾಕಿದ್ದರು. ಎರಡೇ ಸೀಟಿನ ಫೆರಾರಿ 348ರ ಗರಿಷ್ಠ ವೇಗ 275ರ ಸುಮಾರು. ನಾಲ್ಕು ಬಾಗಿಲು, ಹಿಂದೆ ಮನೆಮಂದಿ ಕೂರುವ ಸೀಟು, ಡಿಕ್ಕಿ ತುಂಬ ಸಾಮಾನು ಹೊತ್ತ ಸೆಡಾನ್ ಇವೆಲ್ಲವನ್ನೂ ದಾಟಿ ಹೋಗುತ್ತಿತ್ತು! ಬ್ರಿಟನ್ನಿನ ಹೆದ್ದಾರಿಗಳಲ್ಲಿ ಮಿತಿ 112 ಕಿ.ಮೀ. ಇದ್ದುದರಿಂದ, ಇಂಥ ಕಾರು ಮಾರಲೇಬಾರದು ಅಂತ ಅಲ್ಲಿನ ಪತ್ರಿಕೆಗಳು ಗಲಾಟೆ ಎಬ್ಬಿಸಿದವು. 1993ರಲ್ಲಿ ಕಳ್ಳರು ಒಂದು ಕಾರ್ಲ್ಟನ್ ಕದ್ದು ಅಂಗಡಿಗಳನ್ನು ದೋಚಿದಾಗ ಪೊಲೀಸ್ ಕಾರುಗಳು ಅದನ್ನು ಹಿಡಿಯಲಾಗಲಿಲ್ಲ. ಬೆಲೆ 48,000 ಪೌಂಡ್. 1,100 ಮಾಡುವ ಯೋಜನೆ ಇತ್ತು, 1992ರಲ್ಲಿ ನಿಂತಾಗ ಆಗಿದ್ದು 950. ಎಲ್ಲವೂ ಒಂದೇ ಕಡು ಹಸಿರು ಬಣ್ಣದವು.

ಹಾಗಾಗಿ ನಿಮ್ಮ ಹೋಲಿಕೆಯನ್ನೇ ಪೂರ್ತಿ ಮಾಡೋಣ. ಭಾರತದಲ್ಲಿ ಸಿಗುವ ಬಿವೈಡಿ ಸೀಲ್‌ನ ಪರ್ಫಾರ್ಮೆನ್ಸ್ ಮಾದರಿ 3.8 ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ. ಸಿಗ್ನಲ್ ಬಿಟ್ಟ ತಕ್ಷಣ ಅದೇ ಮುಂದೆ, ಅನುಮಾನವೇ ಬೇಡ. ಆದರೆ ಅದರ ಗರಿಷ್ಠ ವೇಗ 180. ಆ ಹೊತ್ತಿಗೆ ಕಾರ್ಲ್ಟನ್ ನಾಲ್ಕನೇ ಗೇರಿಗೆ ಬಂದಿರುತ್ತದೆ, ಮತ್ತು ಅದಕ್ಕೆ ಇನ್ನೂ ನೂರು ಕಿ.ಮೀ. ವೇಗ ಬಾಕಿ ಇರುತ್ತದೆ.