ರಾಜರೇ ಇಲ್ಲದಿದ್ದ ಮಾವೋರಿಗಳಿಗೆ ರಾಜ ಬಂದದ್ದು ಹೇಗೆ?

ಪ್ರಶ್ನೆ: ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳಲ್ಲಿ ಮೊದಲು ರಾಜರೇ ಇರಲಿಲ್ಲವಂತೆ. ಹಾಗಾದರೆ ಮೊದಲ ರಾಜನನ್ನು ಆರಿಸಿದವರು ಯಾರು? ಏಕೆ?

ಉತ್ತರ: ನಿಜ, ಇರಲಿಲ್ಲ. ಪ್ರತಿ ಬುಡಕಟ್ಟಿಗೂ ಅದರದೇ ಮುಖ್ಯಸ್ಥರಿದ್ದರು. ಎಲ್ಲರಿಗೂ ಒಬ್ಬ ಅರಸ ಎಂಬ ಯೋಚನೆ ಹುಟ್ಟಿದ್ದೇ ನೆಲ ಕೈತಪ್ಪುತ್ತಿದ್ದ ಆತಂಕದಿಂದ. 1840ರಲ್ಲಿ ಬ್ರಿಟಿಷರಿಗೂ ಮಾವೋರಿ ಮುಖ್ಯಸ್ಥರಿಗೂ ನಡುವೆ ಆದ ವೈತಾಂಗಿ ಒಪ್ಪಂದದ ನಂತರ ಬ್ರಿಟಿಷ್ ವಲಸಿಗರು ಹೆಚ್ಚುತ್ತಲೇ ಹೋದರು. ಸರ್ಕಾರ ಬುಡಕಟ್ಟುಗಳಿಂದ ಬಿಡಿಬಿಡಿಯಾಗಿ ಭೂಮಿ ಖರೀದಿಸುತ್ತಿತ್ತು. ಒಬ್ಬರು ಒಪ್ಪದಿದ್ದರೆ ಅದೇ ನೆಲಕ್ಕೆ ಹಕ್ಕು ಹೇಳುವ ಇನ್ನೊಬ್ಬರು ಸಿಗುತ್ತಿದ್ದರು.

ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯನ್ನು ಕಂಡುಬಂದ ಮಾವೋರಿ ಮುಖಂಡ ತಾಮಿಹಾನಾ ತೆ ರೌಪರಾಹಾ, ಅವರ ಬಂಧು ಮಾತೆನೆ ತೆ ಫಿಫಿ ಇಬ್ಬರೂ ಮಾವೋರಿಗಳಿಗೂ ರಾಜ ಬೇಕೆಂದು ಪಟ್ಟು ಹಿಡಿದರು. 1853ರ ಸುಮಾರಿಗೆ ತೆ ಫಿಫಿ ಉತ್ತರ ದ್ವೀಪ ಸುತ್ತಿ ಒಬ್ಬೊಬ್ಬ ಮುಖ್ಯಸ್ಥರನ್ನೇ ಕೇಳಿದರು. ಈ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ: ಪಟ್ಟ ಬೇಡವೆಂದವರೇ ಹೆಚ್ಚು. ಪೂರ್ವ ಕರಾವಳಿಯ ತೆ ಕಾನಿ ಆ ತಾಕಿರೌ ಅವರು, ತಮ್ಮ ಬುಡಕಟ್ಟಿನ ಗುರುತಾದ ಹಿಕುರಂಗಿ ಪರ್ವತ ಅಲೆದಾಡುವ ಪರ್ವತವಲ್ಲ ಎಂದುಬಿಟ್ಟರು. ಪೂರ್ವಿಕರಿಂದ ಬಂದ ಹಿರಿಮೆಯೇ ಅವರಿಗೆ ಸಾಕಾಗಿತ್ತು.

1856ರಲ್ಲಿ ತೌಪೊ ಸರೋವರದ ದಡದ ಪೂಕಾವಾದಲ್ಲಿ ಅಲ್ಲಿನ ಮುಖ್ಯಸ್ಥ ಇವಿಕೌ ತೆ ಹೆಉಹೆಉ ಮಹಾಸಭೆ ಕರೆದರು. ಅಲ್ಲಿ ಎತ್ತರದ ಧ್ವಜಸ್ತಂಭ ನೆಟ್ಟು, ಹಗ್ಗಗಳನ್ನು ಇಳಿಬಿಟ್ಟಿದ್ದರು. ಸ್ತಂಭವೆಂದರೆ ತೊಂಗರಿರೊ ಪರ್ವತ. ಒಂದೊಂದು ಹಗ್ಗ ಒಂದೊಂದು ಬುಡಕಟ್ಟಿನ ಪರ್ವತ. ಮುಖ್ಯಸ್ಥರು ತಮ್ಮ ತಮ್ಮ ಹಗ್ಗವನ್ನು ನೆಲಕ್ಕೆ ಗೂಟ ಹೊಡೆದು ಬಿಗಿದರು. ಅಲ್ಲಿ ಒಪ್ಪಿತವಾದ ಹೆಸರು ವೈಕಾಟೊದ ತೆ ಫೆರೊಫೆರೊ.

ಏಕೆ ಅವರೇ? ಅವರು ಹೆಸರಾಂತ ಯೋಧ. ಅವರ ವಂಶಾವಳಿ ಅನೇಕ ಬುಡಕಟ್ಟುಗಳೊಂದಿಗೆ ನಂಟು ಬೆಸೆದಿತ್ತು. ವೈಕಾಟೊ ನದೀಬಯಲು ಫಲವತ್ತಾಗಿತ್ತು. ವೈತಾಂಗಿ ಒಪ್ಪಂದಕ್ಕೆ ಅವರು ಸಹಿ ಹಾಕಿರಲಿಲ್ಲ. ಆದರೂ ಗವರ್ನರ್ ಜಾರ್ಜ್ ಗ್ರೇ ಅವರೊಂದಿಗೆ ಒಳ್ಳೆಯ ಸಂಬಂಧವಿತ್ತು.

ವೃದ್ಧರಾಗಿದ್ದ ಅವರು ಸುಲಭಕ್ಕೆ ಒಪ್ಪಲಿಲ್ಲ. ಒಪ್ಪಿಸಲು ದುಡಿದವರಲ್ಲಿ ಮುಖ್ಯರಾದವರು ಇನ್ನೊಬ್ಬ ತಾಮಿಹಾನಾ, ಅಂದರೆ ನ್ಗಾತಿ ಹೌಆ ಬುಡಕಟ್ಟಿನ ವಿರೆಮು ತಾಮಿಹಾನಾ. 1858ರಲ್ಲಿ ನ್ಗಾರುವಾವಾಹಿಯಾದಲ್ಲಿ ಅವರೇ ರಾಜನ ತಲೆಯ ಮೇಲೆ ಬೈಬಲ್ ಇಟ್ಟು ಪಟ್ಟ ಕಟ್ಟಿದರು. ತೆ ಫೆರೊಫೆರೊ ಅವರು ಪೊತಾತೌ ಎಂಬ ಹೆಸರಿನ ಮೊದಲ ರಾಜರಾದರು.

1860ರಲ್ಲಿ ಅವರು ತೀರಿಕೊಂಡರು. ಮಗ ತಾಫಿಯಾವೊ ಪಟ್ಟಕ್ಕೆ ಬಂದರು. ರಾಜಪದವಿಯನ್ನು ಸವಾಲೆಂದೇ ಬಗೆದ ಸರ್ಕಾರ 1863ರಲ್ಲಿ ವೈಕಾಟೊ ಮೇಲೆ ದಂಡೆತ್ತಿ ಹೋಗಿ, ಸುಮಾರು 12 ಲಕ್ಷ ಎಕರೆ ಕಿತ್ತುಕೊಂಡಿತು. ಪದವಿಯನ್ನು ಮಾತ್ರ ಅಳಿಸಲಾಗಲಿಲ್ಲ. ಇಂದಿಗೂ ಅದು ತಾನಾಗಿಯೇ ಮಕ್ಕಳಿಗೆ ದಕ್ಕುವುದಿಲ್ಲ. ಈವರೆಗಿನ ಎಲ್ಲರೂ ಪೊತಾತೌ ವಂಶದವರೇ ಆದರೂ ಪ್ರತಿ ಬಾರಿಯೂ ಮುಖ್ಯಸ್ಥರು ಕೂಡಿ ಆರಿಸಬೇಕು. 2024ರಲ್ಲಿ ರಾಣಿ ನ್ಗಾ ವೈ ಹೊನೊ ಇ ತೆ ಪೊ ಆಯ್ಕೆಯಾದದ್ದೂ ಹಾಗೆಯೇ.