ಗಾಂಧಾರ ಬದಲಾಗುವ ಹೊತ್ತು: ಫಿಲಿಪ್ಪೀನ್ಸಿನ ಹಾಡು ಕಟ್ಟಿದವರ ಕುರಿತ ಅಧ್ಯಯನ ಟಿಪ್ಪಣಿ

ಫಿಲಿಪ್ಪೀನ್ಸಿನ ಸಂಗೀತ ಸಂಯೋಜಕರ ಬಗ್ಗೆ ಓದಲು ಕುಳಿತವರಿಗೆ ಮೊದಲು ಎದುರಾಗುವುದು ಉದ್ದನೆಯ ಪಟ್ಟಿ. ಹೆಸರು, ಹುಟ್ಟಿದ ಊರು, 'ರಾಷ್ಟ್ರೀಯ ಕಲಾವಿದ' ಗೌರವ ಬಂದ ವರ್ಷ. ನಾನೂ ಎರಡು ದಿನ ಅದನ್ನೇ ಉರು ಹೊಡೆದೆ. ಮೂರನೆಯ ದಿನ ಅಬೆಲಾರ್ದೊ ಯಾರು, ಅಬ್ದೋನ್ ಯಾರು ಎಂಬುದೇ ಕಲಸಿಹೋಯಿತು. ಪಟ್ಟಿಯನ್ನು ಬದಿಗಿಟ್ಟು ಹಾಡುಗಳನ್ನು ಕೇಳತೊಡಗಿದ ಮೇಲೆಯೇ ಈ ಮಂದಿ ಒಬ್ಬರಿಂದೊಬ್ಬರು ಬೇರೆಯಾಗಿ ಕಾಣಿಸಿದ್ದು. ಆದ್ದರಿಂದ ಈ ಟಿಪ್ಪಣಿಯಲ್ಲಿ ಎಲ್ಲರೂ ಇಲ್ಲ. ಒಂದು ಎಳೆ ಹಿಡಿದು ಹೋಗುತ್ತೇನೆ. ಅದಕ್ಕೆ ಸಿಕ್ಕಿದವರಷ್ಟೇ ಇಲ್ಲಿದ್ದಾರೆ.

ಉಚ್ಚಾರಣೆಯ ಒಂದು ಮಾತು. ಸ್ಪೇನ್ ಆ ದ್ವೀಪಗಳನ್ನು ಮುನ್ನೂರು ವರ್ಷಕ್ಕೂ ಮಿಕ್ಕಿ ಆಳಿದ್ದರಿಂದ ಹೆಸರುಗಳೆಲ್ಲ ಸ್ಪ್ಯಾನಿಷ್ ಜಾಯಮಾನದವು. 'ಜೋಸ್' ಎಂದು ಓದಬೇಡಿ, ಅದು 'ಹೊಸೆ'. 'ಜೂಲಿಯನ್' ಅಲ್ಲ, 'ಹುಲಿಯಾನ್'.

ಕುಂದಿಮಾನ್ ಎಂದರೇನು

ಕುಂದಿಮಾನ್ ತಗಾಲೋಗ್ ಭಾಷೆಯ, ಅಂದರೆ ರಾಜಧಾನಿ ಮನಿಲಾ ಸುತ್ತಲಿನ ನುಡಿಯ, ಪ್ರೇಮಗೀತೆ. ಮೂರು ಎಣಿಕೆಯ ನಡೆ, ನಿಧಾನವಾದ ಲಯ, ಬೇಡಿಕೊಳ್ಳುವ ಧ್ವನಿ. 'ಹಾಗಲ್ಲದಿದ್ದರೂ' ಎಂಬ ಅರ್ಥದ 'ಕುಂಗ್ ಹಿಂದಿ ಮಾನ್' ಎನ್ನುವ ಮಾತಿನಿಂದ ಈ ಹೆಸರು ಬಂತು ಎಂಬ ವಿವರಣೆ ಪ್ರಚಲಿತವಾಗಿದೆ. 'ನೀನು ಒಲಿಯದಿದ್ದರೂ...' ಎಂದು ಆರಂಭವಾಗುವ ಹಾಡಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೆ?

ನಾವು ಗಮನಿಸಬೇಕಾದದ್ದು ಅದರ ಕಟ್ಟಡವನ್ನು. ಹಾಡಿನ ಮೊದಲ ಅರ್ಧ ಮೈನರ್ ಸ್ವರಶ್ರೇಣಿಯಲ್ಲಿರುತ್ತದೆ. ನಡುವೆ ಒಂದು ತಿರುವು ಬರುತ್ತದೆ, ಉಳಿದರ್ಧ ಮೇಜರ್‌ನಲ್ಲಿ ಸಾಗುತ್ತದೆ. ಆಧಾರ ಷಡ್ಜ ಮಾತ್ರ ಅದೇ. ಕರ್ನಾಟಕ ಸಂಗೀತ ಸ್ವಲ್ಪ ಗೊತ್ತಿರುವವರು ಹೀಗೆ ಊಹಿಸಿಕೊಳ್ಳಿ: ಕೀರವಾಣಿಯ ಸ್ವರಗಳಲ್ಲಿ ಹಾಡುತ್ತಿದ್ದವರು ಶ್ರುತಿ ಬದಲಿಸದೆ ಶಂಕರಾಭರಣದ ಸ್ವರಗಳಿಗೆ ದಾಟುತ್ತಾರೆ. ಬದಲಾಗುವುದು ಎರಡೇ ಸ್ವರ. ಸಾಧಾರಣ ಗಾಂಧಾರ ಅಂತರ ಗಾಂಧಾರವಾಗುತ್ತದೆ, ಶುದ್ಧ ಧೈವತ ಚತುಶ್ರುತಿ ಧೈವತವಾಗುತ್ತದೆ. ಹೋಲಿಕೆ ಸ್ವರಸ್ಥಾನಕ್ಕಷ್ಟೇ ಸೀಮಿತ ಎಂಬುದು ನೆನಪಿರಲಿ. ಇಲ್ಲಿ ಗಮಕವಿಲ್ಲ, ಬದಲಿಗೆ ಪಿಯಾನೊ ಅಥವಾ ಗಿಟಾರಿನ ಸ್ವರಮೇಳ ಹಿಂದೆ ನಿಂತಿರುತ್ತದೆ. ಆದರೂ ಆ ಗಾಂಧಾರ ಮೇಲೇರುವ ಕ್ಷಣದಲ್ಲಿ ಕತ್ತಲ ಕೋಣೆಯ ಕಿಟಕಿ ಯಾರೋ ತೆರೆದಂತಾಗುತ್ತದೆ. ಅದು ಕಿವಿಗೆ ಹತ್ತಿದರೆ ಈ ಪಾಠದ ಅರ್ಧ ಮುಗಿದಂತೆ.

ಜನಪದದಲ್ಲಿದ್ದ ಈ ಹಾಡನ್ನು ವೇದಿಕೆಯ ಕಲಾಗೀತೆಯಾಗಿಸಿದವರು ಮೂವರು: ಬೊನಿಫಾಸಿಯೊ ಅಬ್ದೋನ್, ಫ್ರಾನ್ಸಿಸ್ಕೊ ಸಾಂತಿಯಾಗೊ ಮತ್ತು ನಿಕಾನೋರ್ ಅಬೆಲಾರ್ದೊ. ಸಾಂತಿಯಾಗೊ (1889–1947) ಅವರ 1917ರ 'ಅನಾಕ್ ದಾಲಿತಾ', ಅಂದರೆ 'ದುಃಖದ ಕೂಸು', ಕಲಾಗೀತೆಯಾದ ಕುಂದಿಮಾನ್‌ಗೆ ಮಾದರಿ ಹಾಕಿಕೊಟ್ಟಿತು. ಮುಂದೆ ಅವರು ಷಿಕಾಗೊಗೆ ಹೋಗಿ ಸಂಗೀತದಲ್ಲಿ ಡಾಕ್ಟರೇಟ್ ಪಡೆದರು, ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಸಂಗೀತ ಶಾಲೆಯ ಮೊದಲ ಫಿಲಿಪಿನೊ ನಿರ್ದೇಶಕರಾದರು. ಪರೀಕ್ಷೆಗೆ ಇಷ್ಟು ಸಾಕು.

ಅಬೆಲಾರ್ದೊ ಅವರಿಗೆ ಇಷ್ಟು ಸಾಲದು

ನಿಕಾನೋರ್ ಅಬೆಲಾರ್ದೊ 1893ರಲ್ಲಿ ಬುಲಕಾನ್ ಪ್ರಾಂತ್ಯದ ಸಾನ್ ಮಿಗೆಲ್‌ನಲ್ಲಿ ಹುಟ್ಟಿದರು. ಸಾಂತಿಯಾಗೊ ಕೂಡ ಅದೇ ಪ್ರಾಂತ್ಯದವರು. ಹೊಟ್ಟೆಪಾಡಿಗೆ ಮನಿಲಾದ ಮೂಕಿಚಿತ್ರದ ಮಂದಿರಗಳಲ್ಲಿ, ನೃತ್ಯಶಾಲೆಗಳಲ್ಲಿ ಪಿಯಾನೊ ನುಡಿಸಿದ ಕೈ ಅವರದು. ಅದೇ ಕೈ 1917ರಲ್ಲಿ ವಿಶ್ವವಿದ್ಯಾಲಯದ ಗೀತೆಗೆ ಸ್ವರ ಹಾಕಿತು, 1923ರಲ್ಲಿ ಪಿಯಾನೊ ಕನ್ಸರ್ಟೊ ಬರೆಯಿತು. 'ನಸಾಆನ್ ಕಾ ಇರೋಗ್' ಕೂಡ ಅದೇ ಕಾಲದ್ದು. 'ಎಲ್ಲಿರುವೆ, ಒಲವೇ' ಎಂದು ಅರ್ಥ.

1926ರ 'ಮುತ್ಯಾ ನಂಗ್ ಪಾಸಿಗ್' ಅನ್ನು ಬಿಡದೆ ಕೇಳಿ. ಸಾಹಿತ್ಯ ದೆಯೊಗ್ರಾಸಿಯಾಸ್ ದೆಲ್ ರೊಸಾರಿಯೊ ಅವರದು. ಪಾಸಿಗ್ ಮನಿಲಾದ ನಡುವೆ ಹರಿಯುವ ನದಿ. ಬೆಳದಿಂಗಳಿನಲ್ಲಿ ಆ ನದಿಯ ಕನ್ಯೆ ಕಾಣಿಸಿಕೊಂಡು ತನ್ನ ಕಥೆ ಹೇಳುತ್ತಾಳೆ. ಹಿಂದೆ ತಾನು ಒಲವಿನ ರಾಜ್ಯದ ಒಡತಿಯಾಗಿದ್ದೆ, ಒಲವು ಸತ್ತಿತು, ರಾಜ್ಯವೂ ಅಳಿಯಿತು, ನನ್ನ ಶಕ್ತಿಯೆಲ್ಲ ನಿಮ್ಮ ಎದೆಗಳಲ್ಲಿ ಹಂಚಿಹೋಗಿದೆ, ನಾನು ಬದುಕಬೇಕೆಂದಿದ್ದರೆ ಆ ಒಲವನ್ನು ಮರಳಿಸಿ ಎನ್ನುತ್ತಾಳೆ. 1926ರಲ್ಲಿ ಆ ದೇಶ ಅಮೆರಿಕದ ಕೈಯಲ್ಲಿತ್ತು. ರಾಜ್ಯ ಕಳೆದುಕೊಂಡ ಆ ಹೆಣ್ಣು ಯಾರೆಂದು ಆಗಿನ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನನ್ನು ಇಂದಿಗೂ ಕಾಡುವುದು ಅವರ ಕೊನೆಯ ವರ್ಷಗಳು. 1931ರಲ್ಲಿ ಷಿಕಾಗೊಗೆ ಓದಲು ಹೋದರು. ಅಲ್ಲಿ ಬರೆದ ಕೃತಿಗಳಲ್ಲಿ ಕುಂದಿಮಾನ್‌ನ ಮಾಧುರ್ಯ ಹುಡುಕಿದರೂ ಸಿಗದು. ಸ್ವರಗಳು ಒಂದಕ್ಕೊಂದು ಉಜ್ಜುತ್ತವೆ, ಷಡ್ಜದ ಆಸರೆಯೇ ಕರಗುತ್ತದೆ. ನಾಡಿಗೆಲ್ಲ ಪ್ರಿಯವಾದ ಶೈಲಿ ಕೈವಶವಾಗಿದ್ದಾಗಲೇ ಅದನ್ನು ಬದಿಗಿಟ್ಟು ಹೊಸದನ್ನು ಹುಡುಕಿ ಹೊರಟ ಧೈರ್ಯ ಅದು. 1934ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹಾಡು ಯಾರನ್ನು ಕುರಿತದ್ದು?

'ಇರೋಗ್' ಎಂದರೆ ಪ್ರೀತಿಯ ಜೀವ. ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ತಗಾಲೋಗ್‌ನಲ್ಲಿ ನಮ್ಮ ಅವನು, ಅವಳು, ಅದು ಎಂಬ ಕಟ್ಟುನಿಟ್ಟು ಇಲ್ಲ. ಅವನಿಗೂ ಅವಳಿಗೂ 'ಸಿಯಾ' ಎಂಬ ಒಂದೇ ಸರ್ವನಾಮ. ಕನ್ನಡದಲ್ಲಿ ಪ್ರೇಮಗೀತೆ ಬರೆದರೆ ಕ್ರಿಯಾಪದದ ಬಾಲದಲ್ಲೇ ಗುಟ್ಟು ರಟ್ಟಾಗುತ್ತದೆ. ಅವರಿಗೆ ಆ ತೊಡಕಿಲ್ಲ. ಹೀಗಾಗಿ ನಲ್ಲೆಯ ಜಾಗದಲ್ಲಿ ನಾಡನ್ನು ತಂದು ಕೂರಿಸುವುದು ಅವರ ಕವಿಗಳಿಗೆ ಸಲೀಸು. 'ಹೊಸೆಲಿನಾಂಗ್ ಬಲಿವಾಗ್' ಎಂಬ ಹಳೆಯ ಹಾಡು ಬಲಿವಾಗ್ ಊರಿನ ಚೆಲುವೆಯೊಬ್ಬಳ ಹೊಗಳಿಕೆ. ಆದರೆ ಸ್ಪೇನಿನ ವಿರುದ್ಧ ಎದ್ದ ಕ್ರಾಂತಿಕಾರರು ಅದನ್ನೇ ತಮ್ಮ ಹಾಡಾಗಿ ಮಾಡಿಕೊಂಡರು.

ಅಮೆರಿಕದ ಆಡಳಿತ 1907ರಲ್ಲಿ ಕ್ರಾಂತಿಯ ಧ್ವಜ ಮತ್ತು ಲಾಂಛನಗಳ ಪ್ರದರ್ಶನವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1919ರಲ್ಲಿ. ಬಾವುಟ ಹಿಡಿದವನನ್ನು ಬಂಧಿಸಬಹುದು, ವಿರಹದ ಹಾಡು ಹಾಡಿದವನನ್ನು ಏನೆಂದು ಬಂಧಿಸುವುದು?

ಈ ಎಳೆಯ ತುದಿಯಲ್ಲಿರುವುದು 'ಬಯಾನ್ ಕೊ', ಅಂದರೆ 'ನನ್ನ ನಾಡು'. ತಗಾಲೋಗ್ ಸಾಹಿತ್ಯ ಕವಿ ಹೊಸೆ ಕೊರಾಸೋನ್ ದೆ ಹೆಸೂಸ್ ಅವರದು, ಸಂಗೀತ ಕೊನ್‌ಸ್ತಾನ್ಸಿಯೊ ದೆ ಗುಸ್ಮಾನ್ ಅವರದು. ಇಲ್ಲಿ ಮುಸುಕು ಪೂರ್ತಿ ತೆಗೆದಿದ್ದಾರೆ, ನಾಡನ್ನೇ ಹೆಸರು ಹಿಡಿದು ಕರೆದಿದ್ದಾರೆ. ಕಟ್ಟಡ ಮಾತ್ರ ಕುಂದಿಮಾನ್‌ನದೇ. ಮೊದಲ ಭಾಗದಲ್ಲಿ ನಾಡಿನ ಚೆಲುವು, ಅದನ್ನು ಸೆರೆಹಿಡಿದ ಪರಕೀಯರು. ಆಮೇಲೆ ಪಂಜರದ ಹಕ್ಕಿಯ ಮಾತು ಬರುತ್ತದೆ. ಹಾರಬಲ್ಲ ಹಕ್ಕಿಯೇ ಪಂಜರದಲ್ಲಿ ಅಳುವುದಾದರೆ ಇಂಥ ಚೆಲುವಿನ ನಾಡು ಬಿಡುಗಡೆಗಾಗಿ ಹಂಬಲಿಸದೆ ಇದ್ದೀತೆ ಎಂದು. ಗಾಂಧಾರ ಬದಲಾಗುವುದು ಸರಿಯಾಗಿ ಆ ಹಕ್ಕಿಯ ಸಾಲಿನಲ್ಲಿ. ಅಳುವಿನ ಮಾತಿಗೆ ಬೆಳಕಿನ ಸ್ವರ. ನಾನು ಇದನ್ನು ಸತತ ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಅಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟೆ.

ಅಮೆರಿಕನ್ನರಿಗಾಗಿ ಹುಟ್ಟಿದ ಈ ಪ್ರಶ್ನೆ ಮುಂದೆ ಮನೆಯೊಳಗಿನ ಸರ್ವಾಧಿಕಾರಿಗೂ ಎದುರಾಯಿತು. 1983ರಲ್ಲಿ ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ ಹತ್ಯೆಯಾದ ಮೇಲೆ ಸರ್ವಾಧಿಕಾರಿ ಮಾರ್ಕೋಸ್ ಅವರ ವಿರೋಧಿಗಳು ಬೀದಿಯಲ್ಲಿ ಹಾಡಿದ್ದು ಇದನ್ನೇ. 1986ರ ಫೆಬ್ರುವರಿಯಲ್ಲಿ ಮಾರ್ಕೋಸ್ ಅವರನ್ನು ಕೆಳಗಿಳಿಸಲು ಮನಿಲಾದ ಎಡ್ಸಾ ಹೆದ್ದಾರಿಯಲ್ಲಿ ಸೇರಿದ ಜನಸಾಗರವೂ ಇದನ್ನೇ ಹಾಡಿತು. ಗಾಯಕ ಫ್ರೆಡ್ಡಿ ಅಗಿಲಾರ್ ಅವರ ಕಂಠದಲ್ಲಿ ಅದು ಮನೆಮನೆಗೆ ತಲುಪಿತ್ತು.

ಹಾಗಾದರೆ ರಾಷ್ಟ್ರಗೀತೆ? ಅದಕ್ಕೆ ಸ್ವರ ಹಾಕಿದವರು ಕವಿತೆ ಪ್ರಾಂತ್ಯದ ಹುಲಿಯಾನ್ ಫೆಲಿಪೆ (1861–1944). ಆ ಪ್ರಾಂತ್ಯದ ಹೆಸರೇ ಕವಿತೆ, ನಮ್ಮ ಕವಿತೆಗೂ ಅದಕ್ಕೂ ನಂಟಿಲ್ಲ. 1898ರ ಜೂನ್ 12ರಂದು ಕವಿತ್ ಊರಿನಲ್ಲಿ ಸ್ವಾತಂತ್ರ್ಯ ಘೋಷಿಸಿದಾಗ ವಾದ್ಯತಂಡ ಇದನ್ನು ನುಡಿಸಿತು. ಆಗ ಅದಕ್ಕೆ ಮಾತೇ ಇರಲಿಲ್ಲ. ಮರುವರ್ಷ ಹೊಸೆ ಪಾಲ್ಮಾ ಬರೆದ ಸ್ಪ್ಯಾನಿಷ್ ಕವನ ಅದಕ್ಕೆ ಕೂಡಿಕೊಂಡಿತು. ತಮ್ಮದೇ ಭಾಷೆಯ ಈಗಿನ ಪಠ್ಯ ಬರಲು 1956ರವರೆಗೆ ಕಾಯಬೇಕಾಯಿತು. ಮೊದಲು ಧಾಟಿ, ಆಮೇಲೆ ಆಳಿದವರ ಭಾಷೆ, ಕೊನೆಗೆ ಸ್ವಂತ ನುಡಿ.

ಎಲೆ ಊದುತ್ತಿದ್ದ ಕವಿ

ಸಂಯೋಜಕರ ನಡುವೆ ಗೀತರಚನೆಕಾರರನ್ನು ಮರೆಯುವುದು ನಮ್ಮ ಅಭ್ಯಾಸ. ಲೆವಿ ಸೆಲೆರಿಯೊ (1910–2002) ಅವರನ್ನು ಮರೆಯಲಾಗದು. ಮನಿಲಾದ ತೊಂದೊ ಬಡಾವಣೆಯಲ್ಲಿ ಹುಟ್ಟಿದವರು. ಸಾವಿರಾರು ಹಾಡು ಬರೆದರು. ಜೊತೆಗೆ ಒಂದು ಮರದೆಲೆಯನ್ನು ತುಟಿಗಿಟ್ಟು ಊದಿ ಇಡೀ ಹಾಡನ್ನೇ ನುಡಿಸುತ್ತಿದ್ದರು. ಗಿನ್ನೆಸ್ ದಾಖಲೆಯ ಪುಸ್ತಕವೂ ಇದನ್ನು ಗುರುತಿಸಿತು. 1997ರಲ್ಲಿ ಸಂಗೀತ ಮತ್ತು ಸಾಹಿತ್ಯ ಎರಡಕ್ಕೂ ಸೇರಿ ರಾಷ್ಟ್ರೀಯ ಕಲಾವಿದ ಗೌರವ ಅವರಿಗೆ ಸಂದಿತು.

ಅಂಗೊನೊ ಊರಿನ ಲೂಸಿಯೊ ಸಾನ್ ಪೆದ್ರೊ (1913–2002) ಕಟ್ಟಿದ ಧಾಟಿಗೆ ಅವರು ಬರೆದ ಮಾತೇ 'ಸಾ ಉಗೊಯ್ ನಂಗ್ ದುಯಾನ್', ತೊಟ್ಟಿಲ ತೂಗಿನಲ್ಲಿ ಎಂದು ಅರ್ಥ. ಲಾಲಿಹಾಡು ಎಂದು ಪಟ್ಟಿಗಳಲ್ಲಿ ಬರೆದಿರುತ್ತಾರೆ. ಸರಿಯಾಗಿ ನೋಡಿದರೆ ಅದು ಲಾಲಿಯಲ್ಲ, ಲಾಲಿಗಾಗಿ ಹಂಬಲಿಸುವ ಹಾಡು. ಬೆಳೆದು ನಿಂತ ಮಗ ಮತ್ತೆ ಅಮ್ಮನ ತೊಟ್ಟಿಲಿಗೆ ಮರಳಲು ಬಯಸುತ್ತಾನೆ. ದುಡಿಮೆಗಾಗಿ ಲಕ್ಷಾಂತರ ಜನ ಹೊರದೇಶದಲ್ಲಿರುವ ನಾಡಿನಲ್ಲಿ ಈ ಹಾಡಿನ ತೂಕವೇ ಬೇರೆ.

ಸೆಲೆರಿಯೊ ಹೆಸರಿನೊಂದಿಗೆ ಅಷ್ಟೇನೂ ಸಿಹಿಯಲ್ಲದ ಒಂದು ಕಥೆಯೂ ಇದೆ. ಕ್ರಿಸ್‌ಮಸ್ ಬಂತೆಂದರೆ ದೇಶವೆಲ್ಲ ಹಾಡುವ 'ಅಂಗ್ ಪಾಸ್ಕೊ ಆಯ್ ಸುಮಾಪಿತ್' ಮೂಲತಃ ತಗಾಲೋಗ್ ಹಾಡಲ್ಲ. 1933ರಲ್ಲಿ ಸೆಬು ದ್ವೀಪದ ವಿಸೆಂತೆ ರುಬಿ ಸ್ವರ ಹಾಕಿ, ಮರಿಯಾನೊ ವೆಸ್ತಿಲ್ ಸೆಬುವಾನೊ ಭಾಷೆಯಲ್ಲಿ ಬರೆದ ಗೀತೆ ಅದು. ಸೆಲೆರಿಯೊ ಅವರ ತಗಾಲೋಗ್ ಮಾತುಗಳು ಬಂದ ಮೇಲೆ ಮೂಲ ಕರ್ತೃಗಳ ಹೆಸರು ಹಿಂದೆ ಸರಿಯಿತು. ರಾಜಧಾನಿಯ ಭಾಷೆಗೆ ಯಾವ ದೇಶದಲ್ಲೂ ಇಂಥದೊಂದು ಅನುಕೂಲ ಇದ್ದೇ ಇರುತ್ತದೆ.

ಷಡ್ಜವನ್ನೇ ಬಿಟ್ಟವರು

ಇಲ್ಲಿಯವರೆಗೆ ಹೇಳಿದವರೆಲ್ಲ ಯುರೋಪಿನ ಸ್ವರಶ್ರೇಣಿಯನ್ನು ಪಡೆದು ತಮ್ಮದಾಗಿಸಿಕೊಂಡವರು. ಹೊಸೆ ಮಾಸೆದಾ (1917–2004) ಕೇಳಿದ್ದು ಬೇರೆಯದೇ ಪ್ರಶ್ನೆ: ಆ ಶ್ರೇಣಿಯೇ ಬೇಡವೆಂದರೆ? ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಕೊರ್ತೊ ಅವರ ಬಳಿ ಪಿಯಾನೊ ಕಲಿತ ಮನುಷ್ಯ ಈತ. ಊರಿಗೆ ಮರಳಿ ಬೆಟ್ಟಗಾಡಿನ ಬುಡಕಟ್ಟುಗಳ ಜಾಗಟೆ, ಬಿದಿರಿನ ವಾದ್ಯಗಳ ನಾದವನ್ನು ಧ್ವನಿಮುದ್ರಿಸುತ್ತ ದಶಕಗಳನ್ನೇ ಕಳೆದರು. ಆ ಸಂಗ್ರಹ 2007ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು.

ಅವರ ಕೃತಿಗಳಲ್ಲಿ ಗುನುಗಿಕೊಳ್ಳಲು ಧಾಟಿ ಸಿಗುವುದಿಲ್ಲ. 1971ರಲ್ಲಿ ನೂರು ಜನ ನೂರು ಕ್ಯಾಸೆಟ್ ಯಂತ್ರ ಹಿಡಿದು ಮನಿಲಾದ ಸಾಂಸ್ಕೃತಿಕ ಕೇಂದ್ರದ ಮೊಗಸಾಲೆಯಲ್ಲಿ ಓಡಾಡುವಂತೆ ಮಾಡಿದರು. 1974ರ ಜನವರಿ 1ರಂದು ನಡೆದದ್ದು 'ಉಗ್ನಾಯನ್', ಅಂದರೆ ನಂಟು. ಕೃತಿಯನ್ನು ಇಪ್ಪತ್ತು ಭಾಗ ಮಾಡಿ ಇಪ್ಪತ್ತು ರೇಡಿಯೊ ಕೇಂದ್ರಗಳಿಗೆ ಒಂದೊಂದು ಹಂಚಿದರು. ಜನ ಟ್ರಾನ್ಸಿಸ್ಟರ್ ಹಿಡಿದು ಮೈದಾನ, ಬೀದಿಗಳಲ್ಲಿ ಸೇರಿದರೆ ಮಾತ್ರ ಇಡೀ ಸಂಗೀತ ಕೇಳಿಸುತ್ತದೆ. ಮನೆಯಲ್ಲಿ ಒಬ್ಬನೇ ಕುಳಿತವನಿಗೆ ಸಿಗುವುದು ಇಪ್ಪತ್ತನೆಯ ಒಂದು ಪಾಲು. ಎಂಥ ಕಲ್ಪನೆ! ಆದರೆ ಆಗ ದೇಶದಲ್ಲಿ ಸೇನಾ ಕಾನೂನು ಇತ್ತು, ಇದರ ಬೆನ್ನಿಗೆ ಸರ್ವಾಧಿಕಾರಿಯ ಪತ್ನಿ ಇಮೆಲ್ಡಾ ಮಾರ್ಕೋಸ್ ಇದ್ದರು. ಇಪ್ಪತ್ತು ರೇಡಿಯೊ ಕೇಂದ್ರಗಳು ಒಂದೇ ಹೊತ್ತಿಗೆ ಒಬ್ಬ ಸಂಯೋಜಕನ ಮಾತು ಕೇಳುವುದು ಅಂಥ ಕಾಲದಲ್ಲಿ ಮಾತ್ರ ಸಾಧ್ಯ. ಕೃತಿಯನ್ನು ಮೆಚ್ಚುವಾಗ ಇದನ್ನೂ ಬರೆದುಕೊಳ್ಳಿ.

ಜಾಗಟೆಯನ್ನು ಪಾಶ್ಚಾತ್ಯ ವಾದ್ಯಗಳ ಪಕ್ಕದಲ್ಲೇ ಕೂರಿಸಿ ರಾಜಿ ಮಾಡಿಸಿದವರು ಲುಕ್ರೆಸಿಯಾ ಕಾಸಿಲಾಗ್ (1918–2008). ಬಯಾನಿಹಾನ್ ನೃತ್ಯತಂಡದ ಸಂಗೀತ ನಿರ್ದೇಶಕಿಯಾಗಿ ಲೋಕ ಸುತ್ತಿದವರು. ಮಾಸೆದಾ, ಕಾಸಿಲಾಗ್ ಇಬ್ಬರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಉತ್ತರ ಬರೆಯುವ ತಪ್ಪು ಮಾಡಬೇಡಿ, ದಾರಿಗಳು ಬೇರೆ.

ಮತ್ತೆ ಹಾಡಿಗೆ

1978ರಲ್ಲಿ ಮನಿಲಾದಲ್ಲಿ ಜನಪ್ರಿಯ ಸಂಗೀತದ ಮೊದಲ ಸ್ಪರ್ಧೆ ನಡೆಯಿತು. ಗೆದ್ದದ್ದು ರಯನ್ ಕಯಾಬ್ಯಾಬ್ ಎಂಬ ತರುಣನ 'ಕಾಯ್ ಗಂದಾ ನಂಗ್ ಅತಿಂಗ್ ಮುಸಿಕಾ', ನಮ್ಮ ಸಂಗೀತ ಎಷ್ಟು ಚೆಂದ ಎಂಬ ಹಾಡು. ಅದೇ ಸ್ಪರ್ಧೆಯಲ್ಲಿದ್ದು ಮೊದಲ ಬಹುಮಾನ ಪಡೆಯದ ಅಗಿಲಾರ್ ಅವರ 'ಅನಾಕ್' ಹಲವು ಭಾಷೆಗಳಿಗೆ ಹೋಗಿ ಲೋಕಪ್ರಸಿದ್ಧವಾಯಿತು. ಇಂಗ್ಲಿಷ್ ಹಾಡುಗಳೇ ತುಂಬಿದ್ದ ರೇಡಿಯೊದಲ್ಲಿ ಸ್ವದೇಶಿ ಹಾಡಿಗೆ ಜಾಗ ಸಿಗತೊಡಗಿತು. 1987ರಲ್ಲಿ ಅಧ್ಯಕ್ಷೆ ಕೊರಾಸೋನ್ ಅಕಿನೊ ಗಂಟೆಗೆ ಕನಿಷ್ಠ ನಾಲ್ಕು ಫಿಲಿಪಿನೊ ಹಾಡು ಪ್ರಸಾರವಾಗಬೇಕೆಂದು ಆದೇಶವನ್ನೇ ಹೊರಡಿಸಿದರು.

ಕಯಾಬ್ಯಾಬ್ ಅವರ ತಾಯಿ ಒಪೆರಾ ಗಾಯಕಿ. ಮಗ ಆರು ವರ್ಷದವನಿದ್ದಾಗ ತೀರಿಕೊಂಡರು. ಮಕ್ಕಳು ಸಂಗೀತವನ್ನು ವೃತ್ತಿಯಾಗಿಸಿಕೊಳ್ಳಬಾರದು ಎಂಬುದು ಅವರ ಕೊನೆಯ ಆಸೆಯಾಗಿತ್ತು. ಮಗ ಮೊದಲು ವಾಣಿಜ್ಯ ಓದಲು ಸೇರಿದರು, ಆಮೇಲೆ ಸಂಗೀತಕ್ಕೆ ಹೊರಳಿದರು. 2018ರಲ್ಲಿ ರಾಷ್ಟ್ರೀಯ ಕಲಾವಿದರಾದರು, 2019ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ ಬಂದದ್ದೂ ಇದೇ ಪ್ರಶಸ್ತಿ.

ನಮಗೆ ಅವರ ಹತ್ತಿರದ ಕೃತಿ 1980ರ 'ರಾಮ ಹರಿ'. ರಾಮಾಯಣವನ್ನು ಬ್ಯಾಲೆ ಮತ್ತು ಹಾಡುಗಳಲ್ಲಿ ಹೇಳುವ ರಂಗಕೃತಿ ಅದು. ಸಾಹಿತ್ಯ ಬಿಯೆನ್ವೆನಿದೊ ಲುಂಬೆರಾ, ನೃತ್ಯ ಸಂಯೋಜನೆ ಆಲಿಸ್ ರೆಯೆಸ್. ರಾಮಾಯಣ ಅಲ್ಲಿಗೆ ಹೊಸದಲ್ಲ. ದಕ್ಷಿಣದ ಮಿಂದನಾವೊ ದ್ವೀಪದ ಮರನಾವೊ ಜನರಲ್ಲಿ 'ಮಹಾರಾದಿಯಾ ಲವಾನಾ' ಎಂಬ ಕಥೆ ಮೊದಲಿನಿಂದ ಇದೆ. ಲವಾನಾ ಎಂದರೆ ನಮ್ಮ ರಾವಣನೇ. 'ರಾಮ ಹರಿ'ಯ ಪ್ರಸಿದ್ಧ ಹಾಡು 'ಮಗ್ಬಲಿಕ್ ಕಾ ನಾ, ಮಹಾಲ್', ಅಂದರೆ 'ಮರಳಿ ಬಾ, ಒಲವೇ'. ಅಬೆಲಾರ್ದೊ ಅವರ 'ಎಲ್ಲಿರುವೆ, ಒಲವೇ' ಹಾಡಿನ ಹಿಂದೆಯೇ ಇದನ್ನೂ ಕೇಳಿ. ಗಾಂಧಾರ ಎಲ್ಲಿ ಬದಲಾಗುತ್ತದೆ, ಅಥವಾ ಬದಲಾಗುವುದೇ ಇಲ್ಲವೋ, ಗುರುತು ಹಾಕಿಕೊಂಡು ಬನ್ನಿ. ಮುಂದಿನ ವಾರ ಕೂಡಿದಾಗ ಹೋಲಿಸಿ ನೋಡೋಣ.