ಕೇಸ್ ನಂಬರ್ ಇದೆಯಾ? ಕುಡಿದು ಓಡಿಸಿದವರ ಕೋರ್ಟ್ ದಾಖಲೆ ಹುಡುಕುವ ಕಥೆ

ಮದ್ದೂರಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗಳು ಅಕ್ಕಪಕ್ಕದ ನಾಲ್ಕು ಮನೆಯವರ ಜೊತೆ ಸೇರಿ ಮಕ್ಕಳನ್ನು ಸ್ಕೂಲಿಗೆ ಕಳಿಸಲು ಒಂದು ವ್ಯಾನ್ ಗೊತ್ತು ಮಾಡಿದಳು. ಡ್ರೈವರ್ ಮಾತಿನಲ್ಲಿ ನಯ, ಹೊತ್ತಿಗೆ ಸರಿಯಾಗಿ ಬರುವವನು. ಆದರೆ ‘ಅವ್ನು ಹಿಂದೆ ಕುಡ್ದು ಸಿಕ್ಕಾಕ್ಕೊಂಡಿದ್ನಂತೆ’ ಎಂದು ಯಾರೋ ಕಿವಿಗೆ ಹಾಕಿದರು. ರಾತ್ರಿ ನನಗೆ ಫೋನ್: ‘ಅಣ್ಣಾ, ಕೋರ್ಟ್ ಕೇಸೆಲ್ಲ ಈಗ ಮೊಬೈಲಲ್ಲೇ ಸಿಗ್ತದಂತಲ್ಲ, ಒಸಿ ನೋಡಿ ಹೇಳು.’

ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಎರಡು ವಾರ ಹಿಡಿಯಿತು. ಇದು ಯಾಕೆ ಇಷ್ಟು ಗೋಜಲು ಎಂದು ಕೇಳಿಕೊಂಡು ಹೋದರೆ ಕಥೆ ಬಹಳ ಹಿಂದಕ್ಕೆ ಹೋಗುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಗೆಹರಿಯಬೇಕು. ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್, ರಾಂಗ್ ಪಾರ್ಕಿಂಗ್ ಇವೆಲ್ಲ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ತಪ್ಪುಗಳು. ಗಾಡಿ ನಂಬರ್ ಹಾಕಿದರೆ ಬಾಕಿ ದಂಡ ಎಷ್ಟು ಎಂದು ಮೊಬೈಲಿನಲ್ಲೇ ಕಾಣುತ್ತದೆ. 2023ರ ಫೆಬ್ರುವರಿಯಲ್ಲಿ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದ್ದು ಇಂಥ ದಂಡಗಳನ್ನೇ. ಪೊಲೀಸರ ಬಾಯಲ್ಲಿ ‘ಡಿಡಿ ಕೇಸ್’ ಅನ್ನಿಸಿಕೊಳ್ಳುವ ಕುಡಿದು ಓಡಿಸಿದ ಪ್ರಕರಣ ಈ ಜಾತಿಗೆ ಸೇರಿದ್ದಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪೊಲೀಸರೇ ರಾಜಿ ಮಾಡಿ ಮುಗಿಸಬಹುದಾದ ತಪ್ಪುಗಳನ್ನು ಪಟ್ಟಿ ಮಾಡುತ್ತದೆ. ಕುಡಿದು ಓಡಿಸುವುದನ್ನು ತಪ್ಪೆನ್ನುವ 185ನೇ ಕಲಂ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ರಸ್ತೆಯಲ್ಲಿ ಊದಿಸಿದ ಮೇಲೆ ವಿಷಯ ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು. ದಾಖಲೆ ಹುಟ್ಟುವುದು ಅಲ್ಲಿ. ಅದು ಗಾಡಿಯ ನಂಬರಿನ ಮೇಲೆ ಹುಟ್ಟುವುದಿಲ್ಲ, ಆರೋಪಿಯ ಹೆಸರಿನ ಮೇಲೆ ಹುಟ್ಟುತ್ತದೆ. ತೊಡಕಿನ ಬೇರು ಇದೇ.

ಕಾನೂನಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1939ರ ಕಾಯ್ದೆಯಲ್ಲಿ ಇದು 117ನೇ ಕಲಂ. 1988ರ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದಾಗ ರಕ್ತದಲ್ಲಿ ಮದ್ಯ ಒಂದು ತೊಟ್ಟಿದ್ದರೂ ತಪ್ಪು ಎಂಬಂತಿತ್ತು. 1994ರ ತಿದ್ದುಪಡಿ ಅದನ್ನು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂದು ಅಳತೆಗೆ ತಂದಿತು. ದಂಡ ಹೆಚ್ಚೆಂದರೆ 2,000 ರೂಪಾಯಿ, ಇಲ್ಲವೇ ಆರು ತಿಂಗಳು ಜೈಲು, ಅಥವಾ ಎರಡೂ. 2019ರ ಸೆಪ್ಟೆಂಬರ್ 1ರಿಂದ ದಂಡ 10,000ಕ್ಕೆ ಹಾರಿತು, ಎರಡನೇ ಸಲಕ್ಕೆ 15,000. ಅದೇ ತಿಂಗಳು ರಾಜ್ಯ ಸರ್ಕಾರ ಬೇರೆ ಎಷ್ಟೋ ದಂಡಗಳನ್ನು ಇಳಿಸಿತು, ಇದನ್ನು ಮುಟ್ಟಲಿಲ್ಲ.

2,000 ರೂಪಾಯಿ ಕಾಲದಲ್ಲಿ ಈ ದಾಖಲೆ ಯಾರಿಗೂ ಬೇಕಿರಲಿಲ್ಲ ಅನ್ನಬಹುದು. ಬೆಳಿಗ್ಗೆ ಕೋರ್ಟಿಗೆ ಹೋಗಿ, ತಪ್ಪಾಯ್ತು ಸ್ವಾಮಿ ಎಂದು ಒಪ್ಪಿ, ದಂಡ ಕಟ್ಟಿ, ರಸೀತಿ ತೋರಿಸಿ ಸ್ಟೇಷನ್ನಿಂದ ಗಾಡಿ ಬಿಡಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದರು. ಮೈಸೂರಿನ ಚಾಮರಾಜಪುರಂ ಕಡೆಯ ಕೋರ್ಟಿನಲ್ಲಿ ಆ ಕಾಲದ ಉದ್ದನೆಯ ರಿಜಿಸ್ಟರುಗಳನ್ನು ನಾನು ನೋಡಿದ್ದೇನೆ. ಕೆಂಪು ಬಟ್ಟೆಯ ಬೆನ್ನು, ಎಣ್ಣೆಗಪ್ಪಾದ ಮೂಲೆ, ಒಂದು ಸಾಲಿಗೆ ಒಂದು ಕೇಸು. ಹೆಸರು, ತಂದೆ ಹೆಸರು, ಸ್ಟೇಷನ್, ಕಲಂ, ದಂಡ. ಹುಡುಕಬೇಕೆಂದರೆ ಗುಮಾಸ್ತರು ಕನ್ನಡಕ ಏರಿಸಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ನಂಬರ್ ಇದೆಯಾ? ವರ್ಷನಾದ್ರೂ ಗೊತ್ತಾ?’ ಇಲ್ಲವೆಂದರೆ ಕನ್ನಡಕ ಕೆಳಗಿಳಿಯುತ್ತಿತ್ತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ, ಆ ಪುಸ್ತಕ ಕಟ್ಟಿದ್ದೇ ನಂಬರಿನ ಕ್ರಮದಲ್ಲಿ. ಸಣ್ಣ ಕೇಸುಗಳ ಕಡತಗಳು ಶಾಶ್ವತವೂ ಅಲ್ಲ. 1917ರ ದಾಖಲೆ ನಾಶ ಕಾಯ್ದೆಯ ಅಡಿ ಮಾಡಿದ ನಿಯಮದ ಪ್ರಕಾರ ಅವಧಿ ತೀರಿದ ಮೇಲೆ ಅವು ಹೋಗುತ್ತವೆ.

ಆಮೇಲೆ ಕಂಪ್ಯೂಟರ್ ಬಂತು. 2007ರಲ್ಲಿ ಶುರುವಾದ ಇ-ಕೋರ್ಟ್ಸ್ ಯೋಜನೆ ತಾಲ್ಲೂಕು ಕೋರ್ಟುಗಳ ತನಕ ಇಳಿಯಿತು. 2015ರಲ್ಲಿ ದೇಶದ ಕೋರ್ಟುಗಳ ಬಾಕಿ ಕೇಸುಗಳ ಲೆಕ್ಕವೇ ಜನರ ಕಣ್ಣೆದುರು ಬಂತು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ: ರಾಜ್ಯಕ್ಕೆ ಎರಡಕ್ಷರ, ಜಿಲ್ಲೆಗೆ ಎರಡಕ್ಷರ, ಕೋರ್ಟಿಗೆ ಎರಡು ಅಂಕಿ, ಕೇಸಿಗೆ ಆರು, ವರ್ಷಕ್ಕೆ ನಾಲ್ಕು. ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿದರೆ ಕೇಸಿನ ಜಾತಕವೇ ತೆರೆದುಕೊಳ್ಳುತ್ತದೆ. ಯಾವ ಸ್ಟೇಷನ್, ಯಾವ ಕಲಂ, ಯಾವ ದಿನ ಏನಾಯಿತು, ಮುಗಿದಿದ್ದರೆ ಹೇಗೆ ಮುಗಿಯಿತು, ಎಲ್ಲ.

ಆದರೆ ನಮ್ಮ ಹತ್ತಿರ ಇದ್ದದ್ದು ಬರೀ ಹೆಸರು. ಹೆಸರಿನಿಂದ ಹುಡುಕುವ ಕಿಂಡಿಯೂ ಇದೆ: ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಕನಿಷ್ಠ ಮೂರಕ್ಷರ ಹೆಸರು, ದಾಖಲಾದ ವರ್ಷ, ಬಾಕಿಯೋ ಮುಗಿದದ್ದೋ ಎಂದು ಗುರುತು, ಕೊನೆಗೆ ಆ ಸೊಟ್ಟ ಅಕ್ಷರಗಳ ಪರೀಕ್ಷೆ. ವರ್ಷ ಹಾಕದೆ ಮುಂದಕ್ಕೆ ಬಿಡುವುದಿಲ್ಲ. ಅಂದಾಜಿಲ್ಲದಿದ್ದರೆ ಒಂದೊಂದೇ ವರ್ಷ ಹಾಕಿ ಹತ್ತು ಸಲ ಹುಡುಕಬೇಕು. ನಮ್ಮ ಸೀಮೆಯ ಹೆಸರುಗಳ ಪಾಡು ಇನ್ನೂ ಚಂದ. ಮಂಡ್ಯ ಜಿಲ್ಲೆಯಲ್ಲಿ ‘ಗೌಡ’ ಎಂದು ಹುಡುಕಿದರೆ ಊರಿಗೆ ಊರೇ ಎದ್ದು ಬರುತ್ತದೆ. ಸ್ವಾಮಿ ಎಂಬುದನ್ನು ಒಬ್ಬ ಟೈಪಿಸ್ಟ್ ‘ವೈ’ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ‘ಐ’ ಹಾಕಿ. ಮಂಜುನಾಥನ ಕೊನೆಗೆ ‘ಎ’ ಇರಬಹುದು, ಇಲ್ಲದಿರಬಹುದು. ಕನ್ನಡದ ಕಿವಿಗೆ ಒಂದೇ ಆದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಜನವಾಗುತ್ತದೆ. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರೇ ಮೈಸೂರು ಎಂದು ಬದಲಾಯಿತು. ಅಂಥ ರಾಜ್ಯದಲ್ಲಿ ಮನುಷ್ಯರ ಸ್ಪೆಲಿಂಗ್ ಯಾರು ಕಾಯುತ್ತಾರೆ?

ಎಫ್‌ಐಆರ್ ನಂಬರಿನಿಂದ ಹುಡುಕುವ ದಾರಿ ಇನ್ನೊಂದು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರಿನಲ್ಲಿ ಹೇಳಿತು, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಅಪಘಾತವಾಗಿ ಯಾರಿಗಾದರೂ ಪೆಟ್ಟಾಗಿದ್ದರೆ, ಜೀವ ಹೋಗಿದ್ದರೆ, ಈ ದಾರಿ ನೇರ. ಬರೀ ತಪಾಸಣೆಯಲ್ಲಿ ಸಿಕ್ಕಿಬಿದ್ದು ದಂಡ ಕಟ್ಟಿದವನ ವಿಷಯದಲ್ಲಿ ಈ ದಾರಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಎಲ್ಲಿ ಹುಡುಕಬೇಕು ಅನ್ನುವುದು ಮತ್ತೊಂದು. ಕೇಸು ಮನೆಯ ವಿಳಾಸ ಹಿಡಿದು ಹೋಗುವುದಿಲ್ಲ, ಸಿಕ್ಕಿಬಿದ್ದ ಜಾಗ ಹಿಡಿದು ಹೋಗುತ್ತದೆ. ಮೈಸೂರು ನಗರದಲ್ಲೇ ದೇವರಾಜ, ಕೃಷ್ಣರಾಜ, ನರಸಿಂಹರಾಜ, ವಿ.ವಿ. ಪುರಂ, ಸಿದ್ಧಾರ್ಥನಗರ ಎಂದು ಸಂಚಾರ ಠಾಣೆಗಳಿವೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ನಮ್ಮವರ ಓಡಾಟವೇ ಬೇರೆಯಾಯಿತು. ಮದ್ದೂರಿನವನು ಬೆಳಿಗ್ಗೆ ಬಿಡದಿಯಲ್ಲಿ, ಸಂಜೆ ಶ್ರೀರಂಗಪಟ್ಟಣದಲ್ಲಿ ಇರುತ್ತಾನೆ. ಊದಿಸಿದ್ದು 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆಯಲ್ಲೋ, ಮಂಡ್ಯದಲ್ಲೋ, ಮೈಸೂರಲ್ಲೋ? ಮೂರು ಜಿಲ್ಲೆ, ಒಂದೊಂದರಲ್ಲೂ ಹಲವು ತಾಲ್ಲೂಕು ಕೋರ್ಟು. ಮಳವಳ್ಳಿ, ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ ಎಂದು ನಾನು ಬೆರಳು ಮಡಚುತ್ತಾ ಹೋದೆ.

ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ತೆರೆಯ ಮೇಲೆ ಕಂಡದ್ದು ಮಾಹಿತಿಯೇ ಹೊರತು ಪುರಾವೆಯಲ್ಲ. ವಿಮೆ ಕಂಪನಿಗೋ ಅಪಘಾತ ಪರಿಹಾರದ ಟ್ರಿಬ್ಯೂನಲ್ಲಿಗೋ ಬೇಕಾದದ್ದು ಮೊಹರು ಬಿದ್ದ ದೃಢೀಕೃತ ನಕಲು. ಅದಕ್ಕೆ ಕೋರ್ಟಿನ ನಕಲು ವಿಭಾಗಕ್ಕೆ ಅರ್ಜಿ. ಆರೋಪಿಗೆ ಸುಲಭ, ತೀರ್ಪಿನಿಂದ ಬಾಧಿತರಾದವರಿಗೂ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 363ನೇ ಕಲಂ ಅವಕಾಶ ಕೊಟ್ಟಿತ್ತು, 2024ರ ಜುಲೈ 1ರಿಂದ ಬಂದಿರುವ ಹೊಸ ಸಂಹಿತೆಯಲ್ಲೂ ಆ ಏರ್ಪಾಡು ಉಳಿದಿದೆ. ಕೇಸಿಗೆ ಸಂಬಂಧವೇ ಇಲ್ಲದ ನಮ್ಮಂಥವರು ಯಾಕೆ ಬೇಕು ಎಂದು ಕಾರಣ ಬರೆದು ಕೋರ್ಟಿನ ಒಪ್ಪಿಗೆ ಪಡೆಯಬೇಕು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿದರಾಯಿತು ಎಂದು ಹಲವರು ಹೇಳುತ್ತಾರೆ. 2020ರ ಮಾರ್ಚ್ 4ರಂದು ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿದೆ: ಕೋರ್ಟಿನ ನ್ಯಾಯಿಕ ದಾಖಲೆ ಬೇಕಿದ್ದರೆ ಕೋರ್ಟಿನ ನಿಯಮದಂತೆಯೇ ಕೇಳಿ.

ಇದಕ್ಕೆ ಇನ್ನೊಂದು ಮುಖವೂ ಉಂಟು. ವಿಚಾರಣೆ ಬಾಗಿಲು ತೆರೆದೇ ನಡೆಯಬೇಕು ಎಂಬುದನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1966ರಲ್ಲೇ ಎತ್ತಿ ಹಿಡಿದಿತ್ತು. ಆದರೆ ಅಂದಿನ ತೆರೆದ ಬಾಗಿಲೆಂದರೆ ಕೋರ್ಟಿನ ಬೆಂಚಿನಲ್ಲಿ ಕೂತು ಕೇಳುವುದು. ಮಲಗುವ ಮುಂಚೆ ಬೆರಳಾಡಿಸಿ ಸಂಬಂಧಿಕರ ಮನೆಯ ಕೇಸು ತೆಗೆಯುವುದಲ್ಲ. ಮೈಸೂರು ಸೀಮೆಗೆ ಹೊಸಬರಲ್ಲದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲೇ 2017ರ ಆಗಸ್ಟಿನಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಮಾನವಾಯಿತು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಹೆಣ್ಣುಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಿ ಎಂದಿತ್ತು. ಒಂದು ಸಲ ಕುಡಿದು ಸಿಕ್ಕಿ ದಂಡ ಕಟ್ಟಿದವನ ಹೆಸರು ಎಷ್ಟು ವರ್ಷ ತೆರೆಯ ಮೇಲಿರಬೇಕು? ಗಂಡು ನೋಡಲು ಹೋಗುವವರು ಅದನ್ನು ತೆಗೆದು ನೋಡುವುದು ನನಗೆ ಒಗ್ಗುವುದಿಲ್ಲ. ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಹೋಗುವವನದ್ದನ್ನು ಆ ಮಕ್ಕಳ ತಾಯಂದಿರು ನೋಡಲಾಗದೆ ಒದ್ದಾಡುವುದು ಅದಕ್ಕಿಂತ ಕಡಿಮೆ ಒಗ್ಗುತ್ತದೆ.

185ರಲ್ಲಿ ತಪ್ಪಿತಸ್ಥ ಎಂದಾದರೆ ಕನಿಷ್ಠ ಆರು ತಿಂಗಳು ಡ್ರೈವಿಂಗ್ ಲೈಸೆನ್ಸಿನಿಂದ ಅನರ್ಹಗೊಳಿಸಬೇಕು ಎಂದು ಕಾಯ್ದೆಯ 20ನೇ ಕಲಂ ಹೇಳುತ್ತದೆ. 2015ರಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಕೂಡ ಮೂರು ತಿಂಗಳಾದರೂ ಲೈಸೆನ್ಸ್ ಅಮಾನತಾಗಲಿ ಎಂದು ರಾಜ್ಯಗಳಿಗೆ ಸೂಚಿಸಿತ್ತು. ಅದು ಲೈಸೆನ್ಸಿನ ಮೇಲೇ ಎಲ್ಲರಿಗೂ ಕಾಣುವಂತಿದ್ದರೆ ಕೋರ್ಟಿನ ಕಡತ ಕೆದಕುವ ಅಗತ್ಯ ಎಷ್ಟು ಜನಕ್ಕೆ ಬರುತ್ತಿತ್ತು?

ಎರಡನೇ ವಾರದ ಕೊನೆಗೆ ನಮ್ಮ ಹುಡುಗಿಗೇ ಸಾಕಾಗಿ ಡ್ರೈವರನ್ನು ನೇರವಾಗಿ ಕೇಳಿಬಿಟ್ಟಳು. ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಡ್ಯಾಶ್‌ಬೋರ್ಡಿನಿಂದ ಆರ್‌ಸಿ ಇಡುವ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗೆ ನಾಲ್ಕಾಗಿ ಮಡಚಿದ್ದ ಕೋರ್ಟ್ ರಸೀತಿ ಕೊಟ್ಟ. ‘ಕೇಳಿದ್ರೆ ಅವತ್ತೇ ಕೊಡ್ತಿದ್ನಲ್ಲಕ್ಕ, ಸ್ಕೂಟರ್ ಬಿಡಿಸ್ಕೊಳ್ಳಕ್ಕೆ ಕೊಟ್ಟಿದ್ರು, ಹಂಗೇ ಇಟ್ಟಿವ್ನಿ. ತಮ್ಮನ ಮದ್ವೆ ದಿನ ಅದು.’ ಆಕೆ ಅದರ ಫೋಟೊ ಕಳಿಸಿದಳು. ಮಡಿಕೆಯಲ್ಲಿ ಅಕ್ಷರ ಮಾಸಿದ್ದರೂ ಕೇಸ್ ನಂಬರ್, ವರ್ಷ ಓದಲು ಬರುತ್ತಿತ್ತು. ಕೋರ್ಟ್ ಶ್ರೀರಂಗಪಟ್ಟಣದ್ದು, ನಾನು ಮದ್ದೂರು, ಮಂಡ್ಯ, ಮೈಸೂರು ಮೂರನ್ನೂ ಜಾಲಾಡಿದ್ದೆ. ನಂಬರ್ ಹಾಕಿದೆ, ಮರುಕ್ಷಣ ಬಂತು. ಅವನ ಹೆಸರಿನಲ್ಲಿ ಒಂದು ‘ಟಿ’ ಕಡಿಮೆ ಇತ್ತು.